ಎಲ್ಲರೂ ನನ್ನನ್ನೇ ನೋಡಲಿ: ‘ಸಿಕ್ ಆಫ್ ಮೈಸೆಲ್ಫ್’ ಚಿತ್ರದ ಹೊಟ್ಟೆಕಿಚ್ಚಿನ ಲೆಕ್ಕಾಚಾರ

ನಾರ್ವೆಯ ‘ಸಿಕ್ ಆಫ್ ಮೈಸೆಲ್ಫ್’ ಸಿನಿಮಾದ ಕತೆಯನ್ನು ಯಾರಿಗಾದರೂ ಹೇಳಿ ನೋಡಿ. ‘ಅವಳಿಗೆ ತಲೆ ಕೆಟ್ಟಿದೆ ಬಿಡಿ’ ಅನ್ನುತ್ತಾರೆ. ಹಾಗನ್ನಿಸುವುದು ಸಹಜವೇ. ಓಸ್ಲೋ ನಗರದ ಒಂದು ಕೆಫೆಯಲ್ಲಿ ಕೆಲಸ ಮಾಡುವ ಸಿಗ್ನೆ ಎಂಬ ಹುಡುಗಿ. ಅವಳ ಗೆಳೆಯ ಥಾಮಸ್ ಕಲಾವಿದ, ಈಗೀಗ ಹೆಸರು ಮಾಡುತ್ತಿದ್ದಾನೆ. ಇವಳನ್ನು ಕೇಳುವವರಿಲ್ಲ. ಹೊಟ್ಟೆಕಿಚ್ಚು ತಡೆಯಲಾರದೆ, ಚರ್ಮ ವಿಕಾರವಾಗುತ್ತದೆ ಎಂದು ಚೆನ್ನಾಗಿ ಗೊತ್ತಿದ್ದೂ, ಒಂದು ಮಾತ್ರೆಯನ್ನು ರಾಶಿ ರಾಶಿ ತರಿಸಿ ನುಂಗುತ್ತಾಳೆ. ಮುಖ ಹಾಳಾಗುತ್ತದೆ. ಜನ ತಿರುಗಿ ನೋಡತೊಡಗುತ್ತಾರೆ. ಅವಳಿಗೆ ಖುಷಿಯಾಗುತ್ತದೆ.

ತಲೆ ಕೆಟ್ಟಿದೆ ಅಂದುಬಿಟ್ಟರೆ ನೋಡುವವರಿಗೆ ಆರಾಮು. ನಮಗೂ ಅವಳಿಗೂ ಸಂಬಂಧವೇ ಇಲ್ಲ ಅಂತ ಎದ್ದು ಹೋಗಬಹುದು. ನನಗೆ ಮಾತ್ರ ಈ ಸಿನಿಮಾ ಬೇರೆಯೇ ಥರ ಕಂಡಿತು. ಸಿಗ್ನೆಯ ಮನಸ್ಸು ಕೆಟ್ಟಿರಬಹುದು, ಲೆಕ್ಕ ಮಾತ್ರ ಕರಾರುವಾಕ್ಕಾಗಿದೆ. ಜನರ ಗಮನ ಎರಡು ದಾರಿಯಲ್ಲಿ ಸಿಗುತ್ತದೆ: ಏನಾದರೂ ಸಾಧಿಸಬೇಕು, ಇಲ್ಲವೇ ಏನಾದರೂ ಅನುಭವಿಸಬೇಕು. ಮೊದಲನೆಯದು ತನ್ನ ಕೈಲಾಗುವುದಿಲ್ಲ ಅಂತ ಅವಳಿಗೆ ಗೊತ್ತು. ಆದ್ದರಿಂದ ಎರಡನೆಯದಕ್ಕೆ ಕೈ ಹಾಕುತ್ತಾಳೆ. ಅಸಹ್ಯ ಆಗುವುದು ಅವಳು ಹಾಗೆ ಮಾಡಿದ್ದಕ್ಕಲ್ಲ, ಅವಳ ಲೆಕ್ಕ ಬಹುಮಟ್ಟಿಗೆ ಸರಿಹೋಗುವುದಕ್ಕೆ.

ಮುಂದೆ ಕತೆಯ ತಿರುವುಗಳೆಲ್ಲ ಬರುತ್ತವೆ. ಸಿನಿಮಾ ನೋಡಿಲ್ಲದವರು ಬೇಕಾದರೆ ನೋಡಿಕೊಂಡು ಬಂದು ಓದಿ.

ನಿರ್ದೇಶಕ ಕ್ರಿಸ್ಟೋಫರ್ ಬೋರ್ಗ್ಲಿ. 2022ರ ಕಾನ್ ಚಿತ್ರೋತ್ಸವದ ‘ಅನ್ ಸರ್ಟೇನ್ ರಿಗಾರ್ಡ್’ ವಿಭಾಗದಲ್ಲಿ ಸಿನಿಮಾ ಮೊದಲು ತೆರೆ ಕಂಡಿತು. ಸಿಗ್ನೆಯಾಗಿ ಕ್ರಿಸ್ಟೀನೆ ಕುಯಾತ್ ಥಾರ್ಪ್, ಥಾಮಸ್ ಆಗಿ ಐರಿಕ್ ಸೇತರ್. ಈ ಸೇತರ್ ನಿಜಜೀವನದಲ್ಲೂ ಕಲಾವಿದರೇ. ವೈದ್ಯನ ಸಣ್ಣ ಪಾತ್ರದಲ್ಲಿ ಬರುವ ಆಂಡರ್ಸ್ ಡೇನಿಯಲ್ಸನ್ ಲೀ ನಿಜಕ್ಕೂ ಡಾಕ್ಟರ್. ಸುಳ್ಳು ಕಾಯಿಲೆಯ ಸಿನಿಮಾಕ್ಕೆ ಅಸಲಿ ಡಾಕ್ಟರನ್ನೇ ಹಿಡಿದು ತಂದಿದ್ದಾರೆ ಅಂತ ನನಗೆ ಸುಮ್ನೆ ನಗು ಬಂತು.

ಇಡೀ ಸಿನಿಮಾದ ಕೀಲಿಕೈ ಶುರುವಿನಲ್ಲೇ ಬರುವ ಒಂದು ದೃಶ್ಯದಲ್ಲಿದೆ. ಸಿಗ್ನೆ ಕೆಲಸ ಮಾಡುವ ಕಡೆ, ನಾಯಿ ಕಚ್ಚಿ ರಕ್ತ ಸೋರುತ್ತಿರುವ ಹೆಂಗಸೊಬ್ಬಳು ಬರುತ್ತಾಳೆ. ಉಳಿದವರು ಗಾಬರಿಯಲ್ಲಿ ನಿಂತಿದ್ದಾಗ ಸಿಗ್ನೆ ಅವಳನ್ನು ಹಿಡಿದುಕೊಂಡು ನೆರವಾಗುತ್ತಾಳೆ. ಇಲ್ಲಿಯವರೆಗೆ ಅವಳು ಮಾಡಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಆಮೇಲಿನದು ನೋಡಿ. ಬಟ್ಟೆಯೆಲ್ಲ ರಕ್ತ. ಆ ರಕ್ತವನ್ನು ತೊಳೆಯದೆ, ಬಟ್ಟೆ ಬದಲಿಸದೆ, ಹಾಗೇ ಬೀದಿಯಲ್ಲಿ ಮನೆಗೆ ನಡೆದುಕೊಂಡು ಹೋಗುತ್ತಾಳೆ. ದಾರಿಹೋಕರು ಬೆಚ್ಚಿ ನೋಡುತ್ತಾರೆ. ಮನೆಯಲ್ಲಿ ಥಾಮಸ್ ಕೂಡ, ಅಪರೂಪಕ್ಕೆ, ಅವಳಿಗೆ ಏನಾಯಿತೋ ಎಂದು ಗಾಬರಿಯಾಗುತ್ತಾನೆ. ಆ ಒಂದು ನಡಿಗೆಯಲ್ಲಿ ಅವಳಿಗೆ ರುಚಿ ಹತ್ತುತ್ತದೆ. ನೆರವು ಮಾಡಿದ್ದಕ್ಕೆ ಸಿಕ್ಕ ಮೆಚ್ಚುಗೆಗಿಂತ, ತನಗೇ ಏನೋ ಆಗಿದೆ ಎಂದು ಜನ ಅಂದುಕೊಂಡಾಗ ಸಿಕ್ಕ ಕಾಳಜಿ ಜಾಸ್ತಿ ಬಿಸಿಯಾಗಿದೆ. ಇದು ಅವಳಿಗೆ ಥಟ್ಟನೆ ಹೊಳೆದುಬಿಡುತ್ತದೆ. ಮುಂದೊಂದು ದಿನ ರಸ್ತೆಯಲ್ಲಿ ಕಂಡ ನಾಯಿಯನ್ನು ಬೇಕೆಂದೇ ಕೆಣಕಿ, ಕಚ್ಚಿಸಿಕೊಳ್ಳಲು ನೋಡುತ್ತಾಳೆ. ನಗು ಬರುತ್ತದೆ, ಅದರ ಹಿಂದೆಯೇ ನಗಬಾರದಿತ್ತು ಅನ್ನಿಸುತ್ತದೆ. ಡಾರ್ಕ್ ಕಾಮಿಡಿ ಅನ್ನುವುದು ಕೆಲಸ ಮಾಡುವುದೇ ಹೀಗೆ.

ಇನ್ನು ಹೊಟ್ಟೆಕಿಚ್ಚಿನ ವಿಷಯ. ಸಿಗ್ನೆಗೆ ಜಗತ್ತಿನ ದೊಡ್ಡ ದೊಡ್ಡ ತಾರೆಯರನ್ನು ಕಂಡರೆ ಉರಿಯುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವವನನ್ನು ಕಂಡರೆ ಉರಿಯುತ್ತದೆ. ಇದು ಹೊಸ ಸಂಗತಿಯೇನಲ್ಲ. ಕಾಲದಲ್ಲಿ, ಊರಿನಲ್ಲಿ, ವಯಸ್ಸಿನಲ್ಲಿ, ಹೆಸರಿನಲ್ಲಿ ನಮಗೆ ಹತ್ತಿರದವರ ಮೇಲೇ ನಾವು ಅಸೂಯೆ ಪಡುವುದು ಎಂದು ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದ. 1954ರಲ್ಲಿ ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಇದನ್ನು ಒಂದು ಸಿದ್ಧಾಂತವಾಗಿ ಕಟ್ಟಿದರು: ನಾವು ಎಷ್ಟರವರು ಎಂದು ಅಳೆಯಲು ಬೇರೆ ಮಾನದಂಡ ಸಿಗದಾಗ, ನಮ್ಮಂಥವರೇ ಆದ ಇನ್ನೊಬ್ಬರ ಪಕ್ಕ ನಿಂತು ಅಳೆದುಕೊಳ್ಳುತ್ತೇವೆ. ಅಬ್ರಹಾಂ ಟೆಸರ್ ಎಂಬ ಇನ್ನೊಬ್ಬ ಮನೋವಿಜ್ಞಾನಿ 1980ರ ದಶಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹತ್ತಿರದವರು ಗೆದ್ದಾಗ ನಮಗೆ ಎರಡರಲ್ಲಿ ಒಂದು ಆಗುತ್ತದೆ. ಅವರು ಗೆದ್ದ ಕ್ಷೇತ್ರ ನಮಗೆ ಮುಖ್ಯವಲ್ಲದಿದ್ದರೆ ‘ನಮ್ಮವನು’ ಎಂದು ಹೆಮ್ಮೆಪಡುತ್ತೇವೆ. ಅದೇ ಕ್ಷೇತ್ರದಲ್ಲಿ ನಾವೂ ಏನೋ ಆಗಬೇಕೆಂದಿದ್ದರೆ ಒಳಗೊಳಗೇ ಬೇಯುತ್ತೇವೆ.

ಸಿಗ್ನೆ ಕಲಾವಿದೆಯಲ್ಲ. ಹಾಗಾದರೆ ಥಾಮಸ್ ಗೆದ್ದರೆ ಅವಳಿಗೆ ಹೆಮ್ಮೆಯಾಗಬೇಕಿತ್ತು ಅಲ್ವಾ? ಸಿನಿಮಾದ ಜಾಣತನ ಇರುವುದು ಇಲ್ಲೇ. ಇವರಿಬ್ಬರ ಕ್ಷೇತ್ರ ಕಲೆ ಅಲ್ಲವೇ ಅಲ್ಲ. ನಾಲ್ಕು ಜನ ಕೂತ ಕೋಣೆಯಲ್ಲಿ ಎಲ್ಲರ ಕಣ್ಣೂ ಯಾರ ಮೇಲಿದೆ ಅನ್ನುವುದೇ ಇವರ ಕ್ಷೇತ್ರ. ಆ ಆಟದಲ್ಲಿ ಇಬ್ಬರೂ ಆಟಗಾರರೇ. ಥಾಮಸ್ ಕದ್ದ ಪೀಠೋಪಕರಣಗಳನ್ನು ಜೋಡಿಸಿ ಕಲಾಕೃತಿ ಮಾಡುತ್ತಾನೆ. ರೆಸ್ಟೋರೆಂಟಿನಿಂದ ದುಬಾರಿ ವೈನ್ ಬಾಟಲಿ ಎತ್ತಿಕೊಂಡು ಓಡುತ್ತಾನೆ. ಆಮೇಲೆ ಅದನ್ನು ಕತೆ ಮಾಡಿ ಗೆಳೆಯರ ಮುಂದೆ ಹೇಳುವಾಗ ನಾಯಕ ಅವನೇ, ಜೊತೆಗಿದ್ದ ಸಿಗ್ನೆ ಮೂಲೆಗುಂಪು. ಅಂದರೆ ಅವನಿಗೂ ಅದೇ ಹಸಿವು. ಒಂದೇ ವ್ಯತ್ಯಾಸ, ಅವನ ಹಸಿವಿಗೆ ಗ್ಯಾಲರಿ, ಪತ್ರಿಕೆ, ಸಂದರ್ಶನ ಎಂಬ ಗೌರವದ ಬಾಗಿಲುಗಳಿವೆ. ಕಳ್ಳತನವನ್ನೂ ಕಲೆ ಅನ್ನುವ ಜನ ಅವನ ಸುತ್ತ ಇದ್ದಾರೆ. ಸಿಗ್ನೆಗೆ ಅಂಥ ಬಾಗಿಲು ಯಾವುದೂ ಇಲ್ಲ.

ಥಾಮಸ್‌ನ ಪ್ರದರ್ಶನಕ್ಕಾಗಿ ಒಂದು ಊಟದ ಕೂಟ ನಡೆಯುತ್ತದೆ. ಸಿಗ್ನೆ ಅಲ್ಲಿ ತನಗೆ ಬೀಜಗಳ ಅಲರ್ಜಿ ಇದೆ ಎಂದು ಸುಳ್ಳು ಬಿಡುತ್ತಾಳೆ. ಅಲರ್ಜಿ ಎಂಬ ಮಾತಿಗೆ ಎಷ್ಟು ತೂಕ ನೋಡಿ. ಅದನ್ನು ಹೇಳಿದ ಕೂಡಲೇ ಅಡುಗೆಯವರು ವಿಚಾರಿಸಲೇಬೇಕು. ಪಕ್ಕದವರು ‘ಜೋರಾಗಿದೆಯಾ?’ ಎಂದು ಕೇಳಲೇಬೇಕು. ನಿಜವೋ ಸುಳ್ಳೋ ಎಂದು ಅನುಮಾನಿಸಿದರೆ ಅನುಮಾನಿಸಿದವರೇ ಕೆಟ್ಟವರಾಗುತ್ತಾರೆ. ಥಾಮಸ್ ಎದ್ದು ನಿಂತು ಮಾತಾಡುವ ಹೊತ್ತಿಗೆ ಸರಿಯಾಗಿ ಇವಳಿಗೆ ಉಸಿರು ಕಟ್ಟುತ್ತದೆ, ಅಂದರೆ ಕಟ್ಟಿದಂತೆ ನಟಿಸುತ್ತಾಳೆ. ಆ ಹೊತ್ತಿನಲ್ಲಿ ಅವನ ಮುಖದ ಮೇಲೆ ಬರುವ ಸಿಟ್ಟನ್ನು ಗಮನಿಸಿ. ಗೆಳತಿ ಸಾಯುತ್ತಾಳೇನೋ ಎಂಬ ಭಯ ಅದರಲ್ಲಿ ಕಾಣುವುದಿಲ್ಲ, ತನ್ನ ಸರದಿ ಕದ್ದಳಲ್ಲ ಎಂಬ ಕೋಪ ಕಾಣುತ್ತದೆ. ಇಡೀ ಚಿತ್ರದಲ್ಲಿ ನನಗೆ ಅತಿ ಇಷ್ಟವಾದ ದೃಶ್ಯ ಇದೇ. ಮಾತ್ರೆ, ಗಾಯ, ಬ್ಯಾಂಡೇಜು ಇನ್ನೂ ಬಂದೇ ಇಲ್ಲ. ಇಬ್ಬರು ಮಾಮೂಲಿ ಜನ ಒಂದು ಮೇಜಿನ ಮೇಲೆ ಗಮನಕ್ಕಾಗಿ ಹಗ್ಗ ಜಗ್ಗಾಡುತ್ತಿದ್ದಾರೆ, ಅಷ್ಟೇ.

ಈ ಕತೆ ನಾರ್ವೆಯಲ್ಲಿ ನಡೆಯುವುದಕ್ಕೂ ಒಂದು ಅರ್ಥವಿದೆ. ಆ ಕಡೆ ‘ಯಾಂಟೆ ಕಾನೂನು’ ಎಂಬ ಮಾತು ಬಳಕೆಯಲ್ಲಿದೆ. ಡೆನ್ಮಾರ್ಕಿನಲ್ಲಿ ಹುಟ್ಟಿ ನಾರ್ವೆಯಲ್ಲಿ ನೆಲೆಸಿದ ಲೇಖಕ ಅಕ್ಸೆಲ್ ಸಾಂಡೆಮೋಸೆ 1933ರ ತಮ್ಮ ಕಾದಂಬರಿಯಲ್ಲಿ ಯಾಂಟೆ ಎಂಬ ಕಾಲ್ಪನಿಕ ಊರು ಕಟ್ಟಿ, ಅಲ್ಲಿನ ಬರೆಯದ ನಿಯಮಗಳನ್ನು ಪಟ್ಟಿ ಮಾಡಿದ್ದರು. ಅವುಗಳಲ್ಲಿ ಮೊದಲನೆಯದು, ನೀನೇನೋ ವಿಶೇಷ ಎಂದು ಅಂದುಕೊಳ್ಳಬೇಡ. ಉಳಿದವೂ ಹೆಚ್ಚುಕಡಿಮೆ ಇದೇ ರಾಗ. ಸಾಂಡೆಮೋಸೆ ಅದನ್ನು ಕಟಕಿಯಾಗಿ ಬರೆದದ್ದು, ಆದರೆ ಸ್ಕ್ಯಾಂಡಿನೇವಿಯಾದ ಜನ ಇವತ್ತಿಗೂ ತಮ್ಮ ಸಮಾಜದ ಬಗ್ಗೆ ಮಾತಾಡುವಾಗ ಅದನ್ನು ಎತ್ತುತ್ತಾರೆ. ಇಂಥ ಕಡೆ ಜಂಭ ಕೊಚ್ಚಿಕೊಳ್ಳುವವರಿಗೆ ಬೆಲೆ ಕಡಿಮೆ. ಹಾಗಿದ್ದ ಮೇಲೆ ‘ನನ್ನನ್ನು ನೋಡಿ’ ಎಂದು ಬಾಯಿ ಬಿಟ್ಟು ಹೇಳದೆ ಜನ ನೋಡುವಂತೆ ಮಾಡುವುದು ಹೇಗೆ? ಕಾಯಿಲೆ ಬೀಳಬೇಕು. ರೋಗಿ ಯಾರನ್ನೂ ಏನೂ ಕೇಳುವುದಿಲ್ಲ, ಜನರೇ ಹುಡುಕಿಕೊಂಡು ಬರುತ್ತಾರೆ. ಜಂಭದ ಆಪಾದನೆಯೂ ಇಲ್ಲ. ಯಾಂಟೆಯ ನಿಯಮವನ್ನು ಮುರಿಯದೆಯೇ ಅದರ ಸಂದಿಯಲ್ಲಿ ನುಸುಳಿ ಹೋಗುವ ಉಪಾಯ ಇದು. ಇದು ನನ್ನ ಓದು, ಸಿನಿಮಾ ಎಲ್ಲೂ ಇದನ್ನು ಬಿಡಿಸಿ ಹೇಳುವುದಿಲ್ಲ.

ಪ್ರಸಿದ್ಧಿಯ ಹುಚ್ಚು ಹಳೆಯದೇ. ಮಡಕೆ ಒಡೆದಾದರೂ ಸರಿ, ಬಟ್ಟೆ ಹರಿದುಕೊಂಡಾದರೂ ಸರಿ, ಕತ್ತೆ ಏರಿಯಾದರೂ ಸರಿ, ಹೇಗಾದರೂ ಮಾಡಿ ಹೆಸರು ಗಳಿಸು ಎಂದು ಗೇಲಿ ಮಾಡುವ ಸುಭಾಷಿತ ನಮಗೆಲ್ಲ ಗೊತ್ತಿರುವುದೇ. ಕ್ರಿಸ್ತಪೂರ್ವ 356ರಲ್ಲಿ ಹೆರೋಸ್ಟ್ರಾಟಸ್ ಎಂಬುವನು ಹೆಸರಿಗಾಗಿ ಎಫೆಸಸ್‌ನ ಆರ್ಟೆಮಿಸ್ ದೇವಾಲಯಕ್ಕೇ ಬೆಂಕಿ ಇಟ್ಟ. ಅವನ ಹೆಸರನ್ನು ಯಾರೂ ಎತ್ತಬಾರದು ಎಂದು ಊರಿನವರು ಕಟ್ಟಪ್ಪಣೆ ಮಾಡಿದರು. ನಾವು ಈಗಲೂ ಎತ್ತುತ್ತಿದ್ದೇವೆ. ಅವನೇ ಗೆದ್ದ ಅನ್ನಬೇಕು.

ಇವರಿಗೆಲ್ಲ ಹೋಲಿಸಿದರೆ ಸಿಗ್ನೆ ಮಾಡುವುದರಲ್ಲಿ ಹೊಸದು ಒಂದಿದೆ. ಅವಳು ಸುಡುವುದು ಬೇರೆಯವರ ಗುಡಿಯನ್ನಲ್ಲ, ತನ್ನ ಮೈಯನ್ನೇ. ರಷ್ಯಾದ ಒಂದು ಮಾತ್ರೆಯಿಂದ ಜನರಿಗೆ ಭೀಕರ ಚರ್ಮರೋಗ ಬರುತ್ತಿದೆ ಎಂಬ ಸುದ್ದಿ ಅವಳ ಕಣ್ಣಿಗೆ ಬೀಳುತ್ತದೆ. ಲಿಡೆಕ್ಸಾಲ್ ಎನ್ನುವ ಈ ಮಾತ್ರೆ ಸಿನಿಮಾದವರೇ ಹುಟ್ಟಿಸಿದ್ದು. ಉಳಿದವರಿಗೆ ಎಚ್ಚರಿಕೆಯಾಗಿ ಕಾಣುವ ಸುದ್ದಿ ಇವಳಿಗೆ ಜಾಹೀರಾತಾಗಿ ಕಾಣುತ್ತದೆ. ಪರಿಚಯದ ಡ್ರಗ್ಸ್ ಮಾರುವವನ ಮೂಲಕ ತರಿಸಿಕೊಳ್ಳುತ್ತಾಳೆ. ಮೊದಮೊದಲು ಏನೂ ಆಗುವುದಿಲ್ಲ. ಅವಳಿಗೆ ನಿರಾಸೆ. ಇನ್ನಷ್ಟು ನುಂಗುತ್ತಾಳೆ.

ಇಲ್ಲಿಂದ ಮುಂದೆ ಮೈಯ ಸ್ಥಿತಿಗಿಂತ ಅವಳ ಕನಸುಗಳೇ ಜಾಸ್ತಿ ಹೆದರಿಸುತ್ತವೆ. ಬಹಳ ಜನಪ್ರಿಯ ಪುಸ್ತಕ ಬರೆದಂತೆ, ಎಲ್ಲರೂ ಸಂದರ್ಶನ ಮಾಡಿದಂತೆ, ತನ್ನ ಶವಸಂಸ್ಕಾರಕ್ಕೆ ಯಾರು ಬರಬಹುದು ಯಾರು ಬರಬಾರದು ಎಂಬ ಪಟ್ಟಿ ಇದ್ದಂತೆ ಕಲ್ಪಿಸಿಕೊಳ್ಳುತ್ತಾಳೆ. ಹಾಸಿಗೆಯಲ್ಲಿ ಕೂಡ ಥಾಮಸ್ ಬಾಯಲ್ಲಿ ಅವಳು ಕೇಳಬಯಸುವುದು ತನ್ನ ಶವಸಂಸ್ಕಾರದ ವರ್ಣನೆಯನ್ನೇ. ಒಂದು ಮಾತು ಹೇಳಲೇಬೇಕು, ಈ ಕನಸಿನ ದೃಶ್ಯಗಳು ಸ್ವಲ್ಪ ಅತಿಯಾದವು. ಎರಡು ಮೂರು ಸಲ ಆದ ಮೇಲೆ ಇದೂ ಕನಸೇ ಇರಬೇಕು ಎಂದು ಮೊದಲೇ ತಿಳಿದುಬಿಡುತ್ತದೆ, ಕಚಗುಳಿ ಹೋಗಿಬಿಡುತ್ತದೆ.

ಪತ್ರಿಕೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಸಿಗ್ನೆಯ ಬಗ್ಗೆ ಬರೆಯುತ್ತಾಳೆ. ಸುದ್ದಿ ಬಂದ ಮೇಲೆ ಸಿಗ್ನೆ ಮಾಡುವ ಕೆಲಸ, ಅದು ಪುಟದಲ್ಲಿ ಎಷ್ಟು ಮೇಲಿದೆ ಎಂದು ನೋಡುತ್ತಾ ಕೂರುವುದು. ಅಷ್ಟರಲ್ಲಿ ಒಂದು ಗುಂಡಿನ ದಾಳಿಯ ಸುದ್ದಿ ಬಂದು ಇವಳನ್ನು ಕೆಳಗೆ ತಳ್ಳುತ್ತದೆ. ಅವಳಿಗೆ ಸತ್ತವರ ಬಗ್ಗೆ ಮರುಕವಿಲ್ಲ, ಜಾಗ ಹೋಯಿತಲ್ಲ ಎಂಬ ಕಿರಿಕಿರಿ. 1971ರಲ್ಲೇ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ ಹೇಳಿದ್ದರು, ಮಾಹಿತಿ ಹೆಚ್ಚಿದಷ್ಟೂ ಗಮನಕ್ಕೆ ಬರ ಬರುತ್ತದೆ ಎಂದು. ಮಾಹಿತಿ ಎಷ್ಟು ಬೇಕಾದರೂ ಹುಟ್ಟಬಹುದು, ನೋಡುವ ಕಣ್ಣುಗಳು ಇರುವಷ್ಟೇ. ಆದ್ದರಿಂದ ಒಬ್ಬರ ದುಃಖ ಮೇಲೇರಬೇಕಾದರೆ ಇನ್ನೊಬ್ಬರ ದುಃಖ ಕೆಳಗಿಳಿಯಲೇಬೇಕು. ಸಿಗ್ನೆ ಈ ನಿಯಮವನ್ನು ಹುಟ್ಟಿಸಿದವಳಲ್ಲ. ಮುಚ್ಚುಮರೆಯಿಲ್ಲದೆ ಅದರಂತೆ ನಡೆದುಕೊಳ್ಳುತ್ತಾಳೆ, ಅಷ್ಟೇ.

ಹಾಗಾದರೆ ನಿಜಜೀವನದಲ್ಲಿ ಹೀಗೆ ಮಾಡುವವರಿದ್ದಾರಾ? ಇದ್ದಾರೆ. ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ 1951ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಂಥವರ ಬಗ್ಗೆ ಬರೆದು, ಬಂಡಲ್ ಕತೆಗಳಿಗೆ ಹೆಸರಾದ ಮಂಚಾಸನ್ ಎಂಬ ಜಮೀನ್ದಾರನ ಹೆಸರನ್ನೇ ಆ ಸ್ಥಿತಿಗೆ ಇಟ್ಟರು. ವೈದ್ಯರು ಇಲ್ಲಿ ಒಂದು ಗೆರೆ ಎಳೆಯುತ್ತಾರೆ. ರಜೆಗೋ ವಿಮೆಯ ಹಣಕ್ಕೋ ಕಾಯಿಲೆ ನಟಿಸುವವರು ಬೇರೆ. ಅಂಥ ಲಾಭವೇನೂ ಇಲ್ಲದಿದ್ದರೂ, ರೋಗಿ ಅನ್ನಿಸಿಕೊಳ್ಳುವುದಕ್ಕಾಗಿಯೇ ನಟಿಸುವ ಅಥವಾ ತಮ್ಮ ಮೈಗೆ ತಾವೇ ಹಾನಿ ಮಾಡಿಕೊಳ್ಳುವವರು ಬೇರೆ. ಎರಡನೆಯದನ್ನು ಮಾನಸಿಕ ತೊಂದರೆ ಎಂದೇ ಪರಿಗಣಿಸುತ್ತಾರೆ. ಸಿಗ್ನೆ ಸೇರುವುದು ಇಲ್ಲಿಗೆ.

2000ದಲ್ಲಿ ಅಮೆರಿಕದ ಮನೋವೈದ್ಯ ಮಾರ್ಕ್ ಫೆಲ್ಡ್‌ಮನ್ ಇದರ ಇಂಟರ್ನೆಟ್ ರೂಪವನ್ನು ವಿವರಿಸಿದರು. ರೋಗಿಗಳು ಒಬ್ಬರಿಗೊಬ್ಬರು ಧೈರ್ಯ ಹೇಳುವ ಆನ್‌ಲೈನ್ ಗುಂಪುಗಳಿಗೆ ಸೇರಿ, ಇಲ್ಲದ ಕಾಯಿಲೆಯ ಕತೆ ಹೇಳುವವರು. ಅವರನ್ನು ಗುರುತಿಸಲು ಫೆಲ್ಡ್‌ಮನ್ ಕೊಟ್ಟ ಸುಳಿವುಗಳಲ್ಲಿ ಒಂದು ನನಗೆ ಮರೆಯಲಾಗದು: ಗುಂಪಿನ ಗಮನ ಬೇರೊಬ್ಬರ ಕಡೆ ಹೋದಾಗಲೇ ಇವರ ಬದುಕಿನಲ್ಲಿ ಹೊಸದೊಂದು ಆಪತ್ತು ಬರುತ್ತದೆ. ಊಟದ ಕೂಟದ ಅಲರ್ಜಿ ನೆನಪಾಯಿತಾ? ಹೊಟ್ಟೆಕಿಚ್ಚೂ ಗಮನದ ಹಸಿವೂ ಬೇರೆ ಬೇರೆಯಲ್ಲ ಎಂಬುದು ಆ ಒಂದು ಸುಳಿವಿನಲ್ಲೇ ಇದೆ.

ದುಡ್ಡು ಬೆರೆತಾಗ ಇದೇ ಹಸಿವು ಏನಾಗುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ಉದಾಹರಣೆ. ತನಗೆ ಮೆದುಳಿನ ಕ್ಯಾನ್ಸರ್ ಇದೆ, ಆಹಾರ ಪದ್ಧತಿಯಿಂದಲೇ ವಾಸಿ ಮಾಡಿಕೊಳ್ಳುತ್ತಿದ್ದೇನೆ ಎಂದು ಹೇಳಿ ಸೋಷಿಯಲ್ ಮೀಡಿಯಾದಲ್ಲಿ ಪ್ರಸಿದ್ಧಳಾದಳು. 2013ರಲ್ಲಿ ಆ್ಯಪ್ ತಂದಳು, ಅದರ ಹಿಂದೆಯೇ ಅಡುಗೆ ಪುಸ್ತಕ. 2015ರಲ್ಲಿ ಎಲ್ಲ ಸುಳ್ಳೆಂದು ಒಪ್ಪಿಕೊಂಡಳು. 2017ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ 4,10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗಮನಿಸಬೇಕಾದ್ದು, ದಂಡ ಬಿದ್ದದ್ದು ದಾನ ಕೊಡುತ್ತೇನೆಂದು ಜನರನ್ನು ನಂಬಿಸಿ ಕೊಡದೆ ಹೋದದ್ದಕ್ಕೆ. ಹಣದ ಸುಳ್ಳನ್ನು ಕೋರ್ಟು ಅಳೆಯಬಲ್ಲದು. ಜನ ಸುರಿದ ಕಣ್ಣೀರನ್ನು ಯಾವ ರಸೀದಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಿ?

ಸಿನಿಮಾದ ಕೊನೆಯ ಭಾಗದಲ್ಲಿ ಬೋರ್ಗ್ಲಿ ಬಂದೂಕನ್ನು ನಮ್ಮ ಕಡೆ ತಿರುಗಿಸುತ್ತಾರೆ. ಎಲ್ಲ ಬಗೆಯ ದೇಹಗಳಿಗೂ ಅವಕಾಶ ಕೊಡುತ್ತೇವೆ ಎನ್ನುವ ಮಾಡೆಲಿಂಗ್ ಏಜೆನ್ಸಿಯೊಂದು ಸಿಗ್ನೆಯನ್ನು ಆರಿಸಿಕೊಳ್ಳುತ್ತದೆ. ಅದನ್ನು ನಡೆಸುವವಳಿಗೆ ತನ್ನ ಉದಾರತನದ ಬಗ್ಗೆ ಬಹಳ ಹೆಮ್ಮೆ, ಸಹಾಯಕಿಯಾಗಿ ಕಣ್ಣು ಕಾಣದವಳನ್ನೇ ಇಟ್ಟುಕೊಂಡಿದ್ದಾಳೆ. ಗಾಯದ ಮುಖ ಈಗ ಸರಕು. ಶೂಟಿಂಗ್ ನಡೆಯುವಾಗ ಸಿಗ್ನೆಯ ಸ್ಥಿತಿ ನಿಜವಾಗಿ ಬಿಗಡಾಯಿಸಿದಾಗ ಅದೇ ಜನರ ಮುಖ ನೋಡಬೇಕು. ಅವರಿಗೆ ಬೇಕಿದ್ದದ್ದು ಫೋಟೋದಲ್ಲಿ ಅಚ್ಚುಕಟ್ಟಾಗಿ ಕೂರುವ ಕಾಯಿಲೆ. ರಕ್ತ ಸೋರುವ ಕಾಯಿಲೆ ಬೇಡವಾಗಿತ್ತು.

ಸಿನಿಮಾ ಬಂದ ವರ್ಷವೇ, 2022ರ ಜುಲೈ 1ರಿಂದ, ನಾರ್ವೆಯಲ್ಲಿ ಒಂದು ಕಾನೂನು ಜಾರಿಗೆ ಬಂತು. ಜಾಹೀರಾತಿನಲ್ಲಿ ಮೈಯ ಆಕಾರ, ಗಾತ್ರ ಅಥವಾ ಚರ್ಮವನ್ನು ತಿದ್ದಿದ್ದರೆ ಹಾಗೆಂದು ಚೀಟಿ ಹಾಕಲೇಬೇಕು. ಸೋಷಿಯಲ್ ಮೀಡಿಯಾದಲ್ಲಿ ಹಣ ಪಡೆದು ಪ್ರಚಾರ ಮಾಡುವವರಿಗೂ ಇದು ಅನ್ವಯ. ಒಳ್ಳೆಯ ಕಾನೂನೇ, ತಕರಾರಿಲ್ಲ. ಆದರೆ ತಿದ್ದಿದ ಮುಖಕ್ಕೆ ಚೀಟಿ ಬಿದ್ದಷ್ಟೂ ತಿದ್ದದ ಮುಖದ ಬೆಲೆ ಏರುತ್ತದೆ. ಸಿಗ್ನೆಯ ಮುಖದ ಗಾಯಗಳು ಫೋಟೋಶಾಪ್ ಅಲ್ಲ, ನೂರಕ್ಕೆ ನೂರು ಅಸಲಿ. ಆದರೂ ಅದರಷ್ಟು ದೊಡ್ಡ ಸುಳ್ಳು ಇಡೀ ಚಿತ್ರದಲ್ಲಿ ಇನ್ನೊಂದಿಲ್ಲ. ಅದಕ್ಕೆ ಹಾಕಲು ಯಾವ ಕಾನೂನಿನ ಬಳಿಯೂ ಚೀಟಿ ಇಲ್ಲ.

ಈ ಸಿನಿಮಾದ ಬಗ್ಗೆ ನನಗೆ ಒಂದು ಅಳುಕೂ ಇದೆ. ಹೊರಗೆ ಕಾಣದ ಕಾಯಿಲೆಗಳಿಂದ ನರಳುವವರು ಬಹಳ ಮಂದಿ ಇದ್ದಾರೆ: ತಿಂಗಳುಗಟ್ಟಲೆ ಬಿಡದ ನೋವು, ಸುಸ್ತು, ಮನಸ್ಸಿನ ತೊಂದರೆಗಳು. ‘ಎಲ್ಲ ನಾಟಕ’ ಎಂಬ ಮಾತನ್ನು ಅವರು ಮನೆಯವರಿಂದಲೂ ಡಾಕ್ಟರುಗಳಿಂದಲೂ ಕೇಳಿ ಕೇಳಿ ಸಾಕಾಗಿರುತ್ತಾರೆ. ಸಿಗ್ನೆಯಂಥ ಪಾತ್ರ ಅಂಥ ಅನುಮಾನಕ್ಕೆ ಇನ್ನಷ್ಟು ಪುಷ್ಟಿ ಕೊಡಬಹುದು. ನಿಜದಲ್ಲಿ ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಹೀಗೆ ಕಾಯಿಲೆ ಹುಟ್ಟಿಸಿಕೊಳ್ಳುವವರು ಸುಮಾರು 1% ಎಂಬ ಅಂದಾಜಿದೆ. ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಜನ ಹಾಗಲ್ಲ. ಬೋರ್ಗ್ಲಿಗೆ ಇದು ಗೊತ್ತಿದ್ದಂತಿದೆ. ಸಿಗ್ನೆ ಹೋಗುವ ಒಂದು ಗುಂಪು ಚಿಕಿತ್ಸೆಯಲ್ಲಿ, ಮೈಮೇಲೆ ಏನೂ ಕಾಣದ ರೋಗಿಯೊಬ್ಬಳು ಸಿಗ್ನೆಯ ಮೇಲೇ ಹರಿಹಾಯುತ್ತಾಳೆ. ನಿನ್ನ ಕಾಯಿಲೆ ಎಲ್ಲರಿಗೂ ಕಾಣುತ್ತದೆ, ನೀನು ಪುಣ್ಯವಂತೆ ಎಂಬ ಧಾಟಿಯಲ್ಲಿ. ನೋವಿನಲ್ಲೂ ಮೇಲುಕೀಳು, ಅಲ್ಲೂ ಹೊಟ್ಟೆಕಿಚ್ಚು. ನಗು ಬರಿಸುವ ದೃಶ್ಯ, ಆದರೆ ಅವಳ ಸಿಟ್ಟು ನ್ಯಾಯವಾದದ್ದೇ. ಇದನ್ನು ಇನ್ನೂ ಸ್ವಲ್ಪ ಬೆಳೆಸಿದ್ದರೆ ಸಿನಿಮಾಕ್ಕೆ ಮತ್ತೊಂದು ತೂಕ ಬರುತ್ತಿತ್ತು.

ಸಿಗ್ನೆ ಯಾಕೆ ಹೀಗಾದಳು ಎಂದು ಸಿನಿಮಾ ಹೇಳುವುದೇ ಇಲ್ಲ. ಬಾಲ್ಯದ ಗಾಯ, ಕಣ್ಣೀರಿನ ಹಿನ್ನೆಲೆ ಯಾವುದನ್ನೂ ಕಟ್ಟಿಕೊಡುವುದಿಲ್ಲ. ಕೆಲವರಿಗೆ ಇದು ಕೊರತೆ ಅನ್ನಿಸಿದೆ. ನನಗಂತೂ ಇದೇ ಸರಿ. ಒಂದು ಹಳೆಯ ನೋವನ್ನು ತೋರಿಸಿದ್ದರೆ ‘ಓ, ಅದಕ್ಕೇ ಹೀಗೆ’ ಎಂದು ನಾವು ಕೈ ತೊಳೆದುಕೊಳ್ಳುತ್ತಿದ್ದೆವು. ಜೊತೆಗೆ ಆ ನೋವಿನ ಕತೆಯ ಬಲದಿಂದಲೇ ಸಿಗ್ನೆ ನಮ್ಮ ಅನುಕಂಪವನ್ನೂ ದೋಚಿಬಿಡುತ್ತಿದ್ದಳು. ಅವಳಿಗೆ ಬೇಕಿದ್ದದ್ದೂ ಅದೇ ತಾನೇ?

ಬೋರ್ಗ್ಲಿ ಮುಂದಿನ ವರ್ಷವೇ, 2023ರಲ್ಲಿ, ನಿಕೋಲಸ್ ಕೇಜ್ ಅವರನ್ನು ಹಾಕಿಕೊಂಡು ‘ಡ್ರೀಮ್ ಸಿನಾರಿಯೊ’ ಮಾಡಿದರು. ಅದರಲ್ಲಿ ಎಲೆಮರೆಯ ಕಾಯಿಯಂತಿದ್ದ ಪ್ರೊಫೆಸರ್ ಒಬ್ಬ, ತಾನೇನೂ ಮಾಡದೆಯೇ, ಲೆಕ್ಕವಿಲ್ಲದಷ್ಟು ಜನರ ಕನಸಿನಲ್ಲಿ ಬರತೊಡಗುತ್ತಾನೆ. ಮೊದಲು ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸುತ್ತಾರೆ, ಆಮೇಲೆ ಅದೇ ಜನ ಅಟ್ಟಾಡಿಸುತ್ತಾರೆ. ಸಿಗ್ನೆ ಮೈ ಸುಟ್ಟುಕೊಂಡು ಕೊಳ್ಳಲು ಹೊರಟದ್ದು ಅವನಿಗೆ ಬಿಟ್ಟಿಯಾಗಿ ಸಿಗುತ್ತದೆ, ಹಾಗೆಯೇ ಕೈಬಿಟ್ಟೂ ಹೋಗುತ್ತದೆ. ಎರಡನ್ನೂ ನೋಡುವವರಿದ್ದರೆ ‘ಸಿಕ್ ಆಫ್ ಮೈಸೆಲ್ಫ್’ ಮೊದಲು ನೋಡಿ. ‘ಡ್ರೀಮ್ ಸಿನಾರಿಯೊ’ದಲ್ಲಿ ನಾಯಕನ ಮೇಲೆ ಮರುಕ ಹುಟ್ಟುವುದು ಸುಲಭ. ಸಿಗ್ನೆಯ ಮೇಲೆ ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ, ಅದಕ್ಕೇ ಅವಳ ಸಿನಿಮಾ ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.